ಹಿಟ್ಟಿನ ಪೇಪರ್

ನಾನು ಮಾಡುತ್ತಿದ್ದ ಕೆಲಸಕ್ಕೆ ಈಗ ಕಂಟೆಂಟ್ ಮಾರ್ಕೆಟಿಂಗ್ ಎಂಬ ಹೆಸರಿದೆಯಂತೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯಲ್ಲಿ ಅದಕ್ಕೆ ಯಾವ ಹೆಸರೂ ಇರಲಿಲ್ಲ. ಆಟೋ ನಗರದ ನಮ್ಮ ಕಾರ್ಖಾನೆಯ ಕೆಲಸಗಾರರು ಹೊಸಬರಿಗೆ ನನ್ನನ್ನು ತೋರಿಸಿ "ಇವರು ಪೇಪರ್ ಬಾಯಾರು" ಎಂದಷ್ಟೇ ಹೇಳುತ್ತಿದ್ದರು. ಬಾಯಾರು ಎಂದರೆ ನಮ್ಮ ಕಡೆ ಮೇಡಂ ಎಂದ ಹಾಗೆ. ನನಗೆ ಅಷ್ಟು ಸಾಕಾಗಿತ್ತು.

ಅದಕ್ಕೂ ಮುಂಚೆ ನಾನು ಖಡೇಬಜಾರಿನ ಹಿಂದಿನ ಓಣಿಯೊಂದರಲ್ಲಿ, ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಕೆಲಸ ಸಿಗಬಹುದೆಂದು ಕಾಯುತ್ತ ಹಿಡಿದ ಕೆಲಸ ಅದು. ನಮ್ಮ ಊರು ಖಾನಾಪುರದ ಹತ್ತಿರ. ಅಜ್ಜ ಕುರಿ ಕಾಯ್ದವನು, ಅಪ್ಪ ರೈಲ್ವೆಯ ಹಳಿ ಕಾಯ್ದವನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎರಡನ್ನೂ ಓದಿ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮುದ್ರಣಾಲಯದವರು ನನ್ನನ್ನು ಸೇರಿಸಿಕೊಂಡಿದ್ದರು. ಮದುವೆ ಕಾರ್ಡು, ಸೊಸೈಟಿಯ ವಾರ್ಷಿಕ ವರದಿ, ಅಂಗಡಿ ಉದ್ಘಾಟನೆಯ ಕರಪತ್ರ, ಹೀಗೆ ದಿನವಿಡೀ ಇನ್ನೊಬ್ಬರ ಮಾತಿಗೆ ಕೊಂಬು, ಒತ್ತು ಸರಿಮಾಡುವುದೇ ನನ್ನ ಕೆಲಸ.

ಒಂದು ಮಧ್ಯಾಹ್ನ ಬಿಳಿ ಅಂಗಿಯ ಹಿರಿಯರೊಬ್ಬರು ತಮ್ಮ ಕರಪತ್ರದ ಕರಡು ನೋಡಲು ಬಂದರು. ಬೆಳಗಾವಿಯ ಹಳೆಯ ಜೈನ ಮನೆತನ ಅವರದು. ಮನೆಯವರೆಲ್ಲ ಕಾಳುಕಡ್ಡಿ ವ್ಯಾಪಾರದಲ್ಲಿದ್ದರೆ, ಇವರೊಬ್ಬರು ಡಿಪ್ಲೊಮಾ ಓದಿ ಆಟೋ ನಗರದಲ್ಲಿ ಮನೆಬಳಕೆಯ ಹಿಟ್ಟಿನ ಗಿರಣಿ ತಯಾರಿಸುವ ಕಾರ್ಖಾನೆ ಹಾಕಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂರುವಂಥ, ಸಣ್ಣ ಕಪಾಟಿನಷ್ಟು ದೊಡ್ಡ ಯಂತ್ರ. ಮೇಲೆ ಕಾಳು ಹಾಕಿ ಬಟನ್ ಒತ್ತಿದರೆ ಕೆಳಗಿನ ಡಬ್ಬಿಗೆ ಹಿಟ್ಟು ಬೀಳುತ್ತದೆ. ಆಗ ಅದು ಹೊಸದು. ಜನ ಇನ್ನೂ ಡಬ್ಬಿ ಹೊತ್ತು ಓಣಿಯ ಗಿರಣಿಗೇ ಹೋಗುತ್ತಿದ್ದರು.

ಅವರು ನನ್ನೆದುರಿನ ಸ್ಟೂಲಿನ ಮೇಲೆ ಕೂತು ಕೇಳಿದರು. "ತಪ್ಪ ಭಾಳ ಅದಾವೇನವಾ?"

"ಅಕ್ಷರದ ತಪ್ಪ ಇಲ್ರಿ. ಆದ್ರ ಇದನ್ನ ಯಾರೂ ಓದೂದಿಲ್ರಿ."

ಕೌಂಟರಿನಲ್ಲಿದ್ದ ಮುದ್ರಣಾಲಯದ ಮಾಲೀಕರು ತಲೆಯೆತ್ತಿ ನನ್ನನ್ನು ದಿಟ್ಟಿಸಿದರು. ಹಿರಿಯರು ಮಾತ್ರ ಸಿಟ್ಟಾಗಲಿಲ್ಲ.

"ಯಾಕ ಓದೂದಿಲ್ಲ?"

"ಅತ್ಯಾಧುನಿಕ, ಅಮೋಘ, ಅದ್ವಿತೀಯ ಅಂತ ಬರೇ ನಿಮ್ಮ ಸುದ್ದಿನ ಐತ್ರಿ ಇದರಾಗ. ಓದೂ ಹೆಣ್ಮಕ್ಕಳ ಸುದ್ದಿ ಒಂದೂ ಇಲ್ಲ."

"ಹಂಗಾದ್ರ ಏನ ಬರೀಬೇಕು?"

"ಮಳಿಗಾಲದಾಗ ಹಿಟ್ಟಿಗೆ ಹುಳಾ ಯಾಕ ಬೀಳ್ತಾವು, ಬೀಳಲಾರದಂಗ ಹೆಂಗ ಇಡಬೇಕು, ಅದನ್ನ ಬರೀರಿ. ನಮ್ಮವ್ವ ಅಂಥಾದ್ದು ಏನರ ಸಿಕ್ಕರ ಕತ್ತರಿಸಿ ಡಬ್ಬಿ ಮ್ಯಾಲ ಹಚ್ಚತಾಳ."

ಅವರು ಕರಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಮಾಲೀಕರತ್ತ ತಿರುಗಿ "ಇದನ್ನ ಅಚ್ಚ ಹಾಕಬ್ಯಾಡ್ರಿ" ಎಂದರು. ಆಮೇಲೆ ನನಗೆ, "ಸೋಮವಾರ ಆಟೋ ನಗರಕ್ಕ ಬಾ ತಂಗಿ. ನೀ ಹೇಳಿದ್ದನ್ನ ನೀನ ಬರದ ತೋರಸು" ಎಂದು ಹೇಳಿ ಹೊರಟೇಬಿಟ್ಟರು. ಒಂದು ಆರ್ಡರೂ ಹೋಯಿತು, ಒಬ್ಬ ಕರಡು ತಿದ್ದುವವಳೂ ಹೋಗುತ್ತಾಳೆ ಎಂದು ತಿಳಿದ ಮುದ್ರಣಾಲಯದ ಮಾಲೀಕರು ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ. ಮುಂದೆ ನಮ್ಮ ಪತ್ರಿಕೆಯನ್ನು ಅವರಲ್ಲೇ ಅಚ್ಚು ಹಾಕಿಸತೊಡಗಿದ ಮೇಲೆ ಅವರ ಸಿಟ್ಟು ಇಳಿಯಿತು.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು 'ಅಣ್ಣಾರ' ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯತೊಡಗಿದೆ. ಬಣ್ಣ ಹೊಡೆಯುವ ವಿಭಾಗಕ್ಕೂ ಗಿರಣಿಗಳನ್ನು ಪರೀಕ್ಷಿಸುವ ಕೋಣೆಗೂ ನಡುವೆ ನನಗೊಂದು ಮೇಜು ಹಾಕಿಸಿಕೊಟ್ಟರು. ಒಂದು ಕಡೆಯಿಂದ ಪೇಂಟಿನ ವಾಸನೆ, ಇನ್ನೊಂದು ಕಡೆಯಿಂದ ಬೀಸುವ ಸದ್ದು. ಅಲ್ಲಿ ಕೂತು ಬರೆಯಬೇಕು.

ನನ್ನ ಮೇಲೆ ಸ್ವಲ್ಪವೂ ನಂಬಿಕೆಯಿಲ್ಲದವರೆಂದರೆ ನಮ್ಮ ಸೇಲ್ಸ್ ಮ್ಯಾನೇಜರ್. ಸದಾಶಿವನಗರದಿಂದ ದಿನಾ ಸ್ಕೂಟರಿನಲ್ಲಿ ಬರುತ್ತಿದ್ದ ಎತ್ತರದ ಮನುಷ್ಯ. ಮೊದಲು ಟ್ರ್ಯಾಕ್ಟರಿನ ಬಿಡಿಭಾಗ ಮಾರಿದ್ದವರು. ಮಾತಿನಲ್ಲಿ ಚುರುಕು, ಮನಸ್ಸಿನಲ್ಲಿ ಕೆಡುಕಿಲ್ಲ.

"ಫೋಟೋ ಹಾಕ್ರಿ, ಬೆಲಿ ಹಾಕ್ರಿ, ಡೀಲರ್ ಹೆಸರ ಹಾಕ್ರಿ. ಮುಗೀತು" ಎನ್ನುತ್ತಿದ್ದರು. "ಹುಳದ ಕತಿ ಓದಿ ಯಾರರ ಗಿರಣಿ ತಗೋತಾರೇನ್ರಿ ಮೇಡಂ?"

"ಓದಿದವರು ಇನ್ನೊಂದ ಸಲ ಓದಾಕ ಕಾಯ್ತಾರ್ರಿ ಸರ್. ಕಾಯೂ ಮಂದಿ ನಮ್ಮವರಾಗ್ತಾರ."

"ಆಗಲಿ, ನೋಡೂಣು" ಎಂದು ನಕ್ಕು ಹೋಗುತ್ತಿದ್ದರು.

ಎರಡು ತಿಂಗಳಿಗೊಮ್ಮೆ ಬರುವ, ಹಣ ಕೊಡಬೇಕಿಲ್ಲದ, ನಾಲ್ಕು ಪುಟದ ಪತ್ರಿಕೆ ಎಂದು ತೀರ್ಮಾನವಾಯಿತು. ಮೊದಲ ಕಗ್ಗಂಟು ಬಂದದ್ದು ಭಾಷೆಯದು. ಬೆಳಗಾವಿಯಲ್ಲಿ ಯಾವ ಅಕ್ಷರ ಮೇಲೆ, ಯಾವುದು ಕೆಳಗೆ ಎಂಬುದು ಸಣ್ಣ ಮಾತಲ್ಲ. ಅಂಗಡಿಯ ಫಲಕಕ್ಕೇ ಜಗಳವಾಗುವ ಊರು. ಎರಡು ಬೇರೆ ಪತ್ರಿಕೆ ಮಾಡೋಣ ಎಂದರು ಸೇಲ್ಸ್ ಮ್ಯಾನೇಜರ್. ಹಾಗೆ ಮಾಡಿದರೆ ಯಾವ ಮನೆಗೆ ಯಾವುದನ್ನು ಕೊಡುವುದು ಎಂದು ಅಂಗಡಿಯವನು ಗಿರಾಕಿಯ ಮುಖ ನೋಡಿ ಅಳೆಯಬೇಕಾಗುತ್ತದೆ. ಅದು ನನಗೆ ಬೇಡವಾಗಿತ್ತು. ನಾನು ಒಂದೇ ಹಾಳೆಗೆ ಎರಡು ಮುಖಪುಟ ಮಾಡಿದೆ. ಈ ಕಡೆಯಿಂದ ಹಿಡಿದರೆ ಕನ್ನಡ, ತಿರುಗಿಸಿ ಹಿಡಿದರೆ ಮರಾಠಿ. ಹಿಂದಿನ ಪುಟ ಎಂಬುದೇ ಇಲ್ಲ. ಅರ್ಧ ಕಟ್ಟನ್ನು ಹೀಗೆ ಮಡಚಿ, ಅರ್ಧ ಕಟ್ಟನ್ನು ಹಾಗೆ ಮಡಚಿ ಕಳಿಸುತ್ತಿದ್ದೆವು.

ಇನ್ನೊಂದು ಹಟವನ್ನೂ ಹಿಡಿದೆ. ಒಂದು ಬದಿಯದನ್ನು ಇನ್ನೊಂದು ಬದಿಗೆ ಅನುವಾದ ಮಾಡಿ ತುಂಬುವುದಿಲ್ಲ ಎಂದೆ. ಕನ್ನಡದ ಬದಿಗೆ ಜೋಳದ ರೊಟ್ಟಿ ಹರಿಯದಂತೆ ಹಿಟ್ಟು ಎಷ್ಟು ಸಣ್ಣಗಿರಬೇಕು ಎಂದು ಬರೆದರೆ, ಮರಾಠಿಯ ಬದಿಗೆ ಅಕ್ಕಿ ಭಾಕರಿಯದು. ಹೀಗಾಗಿ ಎರಡೂ ಬಲ್ಲವರು ಎರಡೂ ಬದಿ ಓದಿದರು, ಒಂದೇ ಬಲ್ಲವರು ಪಕ್ಕದ ಮನೆಯವರಿಂದ ಇನ್ನೊಂದನ್ನು ಓದಿಸಿಕೊಂಡರು. ಖಾನಾಪುರದ ಕಡೆ ಅದಕ್ಕೆ ಜನರೇ ಹೆಸರಿಟ್ಟರು, 'ಹಿಟ್ಟಿನ ಪೇಪರ್' ಎಂದು. ನಾವು ಮೇಲೆ ಅಚ್ಚು ಹಾಕಿಸಿದ್ದ ಹೆಸರು ನನಗೇ ಈಗ ನೆನಪಿಲ್ಲ.

ಬರೆಯುವ ವಿಷಯವನ್ನು ನಾನು ಮೇಜಿನ ಮುಂದೆ ಕೂತು ಹುಡುಕಲಿಲ್ಲ. ಹಿಂಡಲಗಾದ ನನ್ನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಹೊರಟು, ಖಾನಾಪುರದ ಬಸ್ಸು ಹಿಡಿದು, ಗೊತ್ತಿದ್ದವರ ಮನೆ, ಅವರ ಬೀಗರ ಮನೆ ಎಂದು ಅಡುಗೆಮನೆಗಳಲ್ಲಿ ಕೂರುತ್ತಿದ್ದೆ. "ಬಾ ಬಾ, ಕುಂದರವಾ" ಎಂದು ಮಣೆ ಕೊಡುತ್ತಿದ್ದರು. ಕೈಕೆಲಸ ನಿಲ್ಲಿಸದೆ ಮಾತಾಡುತ್ತಿದ್ದರು. ರಾಗಿ ಬೀಸುವ ಮೊದಲು ಬಿಸಿಲಿಗೆ ಎಷ್ಟು ಹೊತ್ತು ಇಡಬೇಕು, ಕಡಲೆಹಿಟ್ಟು ಯಾಕೆ ಕಹಿಯಾಗುತ್ತದೆ, ಹಪ್ಪಳದ ಉದ್ದಿನಹಿಟ್ಟನ್ನು ಯಾಕೆ ಅಂದೇ ಬೀಸಬೇಕು ಎಂಬುದನ್ನೆಲ್ಲ ಅವರು ಹೇಳಿದರು, ನಾನು ಬರೆದೆ. ಹೇಳಿದವರ ಊರನ್ನು ಕೊನೆಗೆ ಹಾಕುತ್ತಿದ್ದೆ. ನಮ್ಮ ಗಿರಣಿಯ ಮಾತು ಮೂಲೆಯಲ್ಲಿ ಅಂಗೈಯಗಲ ಮಾತ್ರ ಇರುತ್ತಿತ್ತು.

ಮೊದಲ ವರ್ಷ ಕಳೆಯುವಷ್ಟರಲ್ಲಿ ಖಾನಾಪುರದ ಕಿರಾಣಿ ಅಂಗಡಿಗಳು ನಮ್ಮ ಪತ್ರಿಕೆಯನ್ನು ತಕ್ಕಡಿಯ ಪಕ್ಕಕ್ಕೆ ಇಡತೊಡಗಿದ್ದವು. ಗಿರಣಿಗಳೂ ಹೋಗುತ್ತಿದ್ದವು. ಆದರೂ ಸೇಲ್ಸ್ ಮ್ಯಾನೇಜರ್ ಅದನ್ನು ತಮ್ಮ ಓಡಾಟದ ಫಲ ಎಂದೇ ತಿಳಿದಿದ್ದರು. ನಾನು ವಾದಿಸಲಿಲ್ಲ.

ಎರಡನೆಯ ಮಳೆಗಾಲದಲ್ಲಿ ಪೆಟ್ಟು ಬಿತ್ತು.

ಖಾನಾಪುರದ ಸ್ಟೇಷನ್ ರಸ್ತೆಯ ಹತ್ತಿರ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಗಂಡ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಮನೆಯಲ್ಲಿ ಅತ್ತೆ. ನಮ್ಮ ಪತ್ರಿಕೆಯಲ್ಲಿ ಬಂದಿದ್ದ 'ಮನೆಯಲ್ಲೇ ಹಿಟ್ಟು ಬೀಸಿ ಮಾರುವುದು ಹೇಗೆ' ಎಂಬ ಬರಹವನ್ನು ಓದಿ, ಅತ್ತೆಯನ್ನು ಒಪ್ಪಿಸಿ, ಗಿರಣಿ ಕೊಂಡಿದ್ದಳು. ಪಡಸಾಲೆಯಲ್ಲಿ ಅದನ್ನಿಟ್ಟು ಥಾಲಿಪೀಠದ ಹಿಟ್ಟು, ಅನ್ನಕ್ಕೆ ಕಲಸುವ ಮೆಟಗೂಟಿನ ಪುಡಿ ಬೀಸಿ ಓಣಿಗೆಲ್ಲ ಕೊಡುತ್ತಿದ್ದಳು. ಮರಾಠಿ ಮನೆಯವಳು, ನನ್ನೊಡನೆ ಮಾತ್ರ ಕನ್ನಡವನ್ನೇ ಆಡುತ್ತಿದ್ದಳು.

ಆ ಸಲ ನಾನು ಹೋದಾಗ ಅವಳು ಎಂದಿನಂತೆ ಬಾಗಿಲಿಗೆ ಬರಲಿಲ್ಲ. ಒಳಗೆ ಹೋದೆ. ಗಿರಣಿಯ ಮೇಲೆ ಬಟ್ಟೆ ಹೊದಿಸಿತ್ತು.

"ಏನಾತ್ರಿ?" ಎಂದೆ.

ಅವಳು ಬಟ್ಟೆ ತೆಗೆದು ಬಟನ್ ಒತ್ತಿದಳು. ಯಂತ್ರ ಗುಂಯ್ ಎಂದಿತು. ತಿರುಗಲಿಲ್ಲ. ಬಟನ್ ಆರಿಸಿದಳು.

"ಡೀಲರ್ ಕಡಿಯಾಂವ ಬಂದಿದ್ದಾ. ನೀ ಹಸಿ ಅಕ್ಕಿ ಹಾಕಿ, ಅದಕ್ಕ ಕೆಟ್ಟತಿ ಅಂದಾ. ನಾ ಹಸಿ ಅಕ್ಕಿ ಹಾಕಿಲ್ಲ ಬಾಯಿ. ನಿಮ್ಮ ಪೇಪರಿನಾಗ ಓದೇನಿ, ಹಾಕಬಾರದಂತ ಗೊತ್ತೈತಿ ನನಗ."

ಒಳಗಿನಿಂದ ಅತ್ತೆಯ ದನಿ ಮರಾಠಿಯಲ್ಲಿ ಕೇಳಿಸಿತು. ಕೈಯಲ್ಲಿ ನೀಟು ಇಲ್ಲದವಳಿಗೆ ಯಂತ್ರ ಯಾಕೆ ಎಂಬ ಅರ್ಥದ ಮಾತು. ಅವಳು ತಲೆ ತಗ್ಗಿಸಲಿಲ್ಲ. ನನ್ನನ್ನೇ ನೋಡುತ್ತ ಹೇಳಿದಳು.

"ಓಣಿ ತುಂಬ ನನ್ನ ಹೆಸರ ಕೆಟ್ಟೈತಿ. ಹಿಂದಿನ ಓಣ್ಯಾಗ ಇನ್ನೊಬ್ಬಾಕಿದೂ ಹಿಂಗ ಆಗೇತಿ, ಆಕಿಗೂ ಹಂಗ ಅಂದಾರ. ಚಲೋ ಇದ್ದಾಗ ನೀವು ಬರದ್ರಿ, ನಾವು ನಂಬಿದ್ವಿ. ಈಗ ಕೆಟ್ಟಾಗ ಏನ ಬರೀತೀರಿ?"

ಅಣ್ಣಾರನ್ನು ಕೇಳಿ ಹೇಳುತ್ತೇನೆ ಎಂದೆ. ಟೆಂಪೋ ಒಂದನ್ನು ಗೊತ್ತುಮಾಡಿ ಅವಳ ಗಿರಣಿಯನ್ನು ಹೇರಿಸಿಕೊಂಡು, ಡ್ರೈವರನ ಪಕ್ಕದಲ್ಲೇ ಕೂತು ಆಟೋ ನಗರಕ್ಕೆ ಬಂದೆ. ದಾರಿಯುದ್ದಕ್ಕೂ ಅವಳ ಪ್ರಶ್ನೆಯೇ ತಲೆಯಲ್ಲಿತ್ತು.

ಅಣ್ಣಾರು ಅಂಗಿಯ ತೋಳು ಮಡಚಿ ತಾವೇ ಗಿರಣಿಯ ಬೆನ್ನು ಬಿಚ್ಚಿದರು. ಸ್ವಲ್ಪ ಹೊತ್ತು ನೋಡಿ, ಮೋಟರಿನ ಪಕ್ಕದಲ್ಲಿದ್ದ ಹೆಬ್ಬೆರಳು ಗಾತ್ರದ ಡಬ್ಬಿಯೊಂದನ್ನು ಕಿತ್ತು ಮೇಜಿನ ಮೇಲಿಟ್ಟರು. ಅದು ಕಂಡೆನ್ಸರ್, ಮೋಟರಿಗೆ ಮೊದಲ ತಳ್ಳು ಕೊಡುವ ಭಾಗ. ಬೇಸಿಗೆಯಲ್ಲಿ ಹೊಸ ಸರಬರಾಜುದಾರರಿಂದ ತರಿಸಿದ್ದ ಮಾಲು ಅದು. ಮಳೆಗಾಲದಲ್ಲಿ ಖಾನಾಪುರದ ಕಡೆ ಕರೆಂಟು ಸೊರಗಿದಾಗ ಅವು ಸತ್ತುಹೋಗುತ್ತಿದ್ದವು. ಗುಂಯ್ ಎನ್ನುವ ಮೋಟರನ್ನು ಹಾಗೇ ಬಿಟ್ಟರೆ ಒಳಗಿನ ತಂತಿ ಸುಟ್ಟು ಪೂರ್ತಿ ಹಾಳಾಗುತ್ತದೆ. ಅಕ್ಕಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

"ಯಾರ ಕೇಳ್ತಾರ ಅವರಿಗೆ ಸುಮ್ಮ ಬದಲಿ ಮಾಡಿಕೊಡೂಣ್ರಿ ಅಣ್ಣಾರ" ಎಂದರು ಸೇಲ್ಸ್ ಮ್ಯಾನೇಜರ್. "ದಸರಾ, ದೀಪಾವಳಿ ಮುಂದ ಐತಿ. ಈಗ ಸುದ್ದಿ ಹಬ್ಬಿದ್ರ ವರ್ಷದ ವ್ಯಾಪಾರ ಹೊಕ್ಕೈತಿ."

"ಕೇಳಲಾರದವರು?" ಎಂದೆ ನಾನು. "ಹಸಿ ಅಕ್ಕಿ ಹಾಕೀನಂತ ಬೈಸಿಕೊಂಡು ಸುಮ್ಮನ ಕುಂತವರು?"

ನಾನು ಅಣ್ಣಾರತ್ತ ತಿರುಗಿದೆ.

"ಪೇಪರಿನಾಗ ಬರೀತೀನ್ರಿ ಅಣ್ಣಾರ. ಮೊದಲನೇ ಪುಟಕ್ಕ. ಎರಡೂ ಬಾಜು."

ಸೇಲ್ಸ್ ಮ್ಯಾನೇಜರ್ ಕುರ್ಚಿಯಿಂದ ಎದ್ದರು. "ಮೇಡಂ, ನಮ್ಮ ಮಾಲ ಕೆಟ್ಟೈತಿ ಅಂತ ನಾವ ಅಚ್ಚ ಹಾಕಿ ಹಂಚೂದೇನ್ರಿ? ಜಗತ್ತಿನಾಗ ಯಾರರ ಮಾಡ್ಯಾರೇನು?"

ಅಣ್ಣಾರು ಕಂಡೆನ್ಸರನ್ನು ಬೆರಳಲ್ಲಿ ಉರುಳಿಸಿದರು. ಪಕ್ಕದ ಕೋಣೆಯಲ್ಲಿ ಪರೀಕ್ಷೆಯ ಗಿರಣಿಯೊಂದು ಬೀಸಿ ನಿಂತಿತು. ಆಮೇಲೆ ಅವರು ನನ್ನತ್ತ ನೋಡಿದರು.

"ಏನಂತ ಬರೀತಿ?"

ನಾನು ಟೆಂಪೋದಲ್ಲಿ ಬರುವಾಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಅದನ್ನೇ ಹೇಳಿದೆ. "ನಿಮ್ಮ ಗಿರಣಿ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲವೆ? ಕೂಡಲೇ ಬಟನ್ ಆರಿಸಿ. ತಪ್ಪು ನಿಮ್ಮದಲ್ಲ, ನಮ್ಮದು. ನಿಮ್ಮ ಅಕ್ಕಿಯದಲ್ಲ, ನಿಮ್ಮ ಕೈಯದಲ್ಲ, ನಾವು ಹಾಕಿದ ಒಂದು ಸಣ್ಣ ಡಬ್ಬಿಯದು. ನಾವು ನಿಮ್ಮ ಊರಿಗೆ ಬಂದು ಬದಲಿಸಿ ಕೊಡುತ್ತೇವೆ."

"ಬರಿ" ಎಂದರು ಅಣ್ಣಾರು. "ಕೆಳಗ ನನ್ನ ಸಹಿ ಹಾಕು. ಕಂಪನಿ ಅಂತ ಹಾಕಬ್ಯಾಡ. ಕಂಪನಿಗೆ ಮುಖ ಇರೂದಿಲ್ಲ."

ಪತ್ರಿಕೆ ಹೋಯಿತು. ಆಮೇಲಿನ ದಿನಗಳಷ್ಟು ಭಾರವಾದ ದಿನಗಳನ್ನು ನಾನು ಆ ಕಾರ್ಖಾನೆಯಲ್ಲಿ ಮತ್ತೆ ಕಾಣಲಿಲ್ಲ. ಮೊದಲು ಬಂದದ್ದು ಡೀಲರರ ಫೋನು. "ನಮ್ಮ ಬಾಯಾಗ ಮಣ್ಣ ಹಾಕಿದ್ರಿ" ಎಂದರು ಒಬ್ಬರು. ಇನ್ನೊಬ್ಬರು ತಮ್ಮ ಬಳಿ ಉಳಿದಿದ್ದ ಗಿರಣಿಗಳನ್ನು ವಾಪಸು ಕಳಿಸುವುದಾಗಿ ಹೇಳಿದರು. ಹೊಸ ಆರ್ಡರು ನಿಂತವು. ಜೋಡಣೆ ವಿಭಾಗದವರು ಕೆಲಸವಿಲ್ಲದೆ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದರು. ನಾನು ಹಾದುಹೋದಾಗ ಯಾರೂ ಏನೂ ಅನ್ನಲಿಲ್ಲ. ಹಾಗೆ ಅನ್ನದಿರುವುದೇ ನನಗೆ ಚುಚ್ಚುತ್ತಿತ್ತು. ಕರಡು ತಿದ್ದುವ ಕೆಲಸವೇ ಚೆನ್ನಾಗಿತ್ತು ಎಂದು ಅನಿಸಿದ್ದೂ ಉಂಟು. ಸೇಲ್ಸ್ ಮ್ಯಾನೇಜರ್ ಮಾತ್ರ ಎಲ್ಲ ಬೈಗುಳವನ್ನೂ ತಾವೇ ಕೇಳಿಸಿಕೊಂಡರು. ಒಂದು ಫೋನೂ ನನ್ನ ಮೇಜಿಗೆ ಬರಗೊಡಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಶ್ರಾವಣದ ಒಂದು ಭಾನುವಾರ, ಸಂತೆಯ ದಿನ, ಖಾನಾಪುರದಲ್ಲಿ ದುರಸ್ತಿ ಶಿಬಿರ ಇಟ್ಟುಕೊಂಡೆವು. ಅಕ್ಕಿ ಗಿರಣಿಯೊಂದರ ಅಂಗಳವನ್ನು ಅದರ ಮಾಲೀಕರು ಬಿಟ್ಟುಕೊಟ್ಟರು. ತಾಡಪಾಲು ಕಟ್ಟಿ, ಕೆಳಗೆ ಎರಡು ಉದ್ದನೆಯ ಮೇಜು ಹಾಕಿದೆವು. ಅಣ್ಣಾರು, ಇಬ್ಬರು ಮೆಕ್ಯಾನಿಕರು, ಸೇಲ್ಸ್ ಮ್ಯಾನೇಜರ್, ನಾನು. ಬೆಳಿಗ್ಗೆ ಮಳೆ ಜಿನುಗುತ್ತಿತ್ತು. ಅಂಗಳದಲ್ಲಿ ನಮ್ಮನ್ನು ಬಿಟ್ಟರೆ ಒಂದು ಆಡು ಇತ್ತು.

"ಬರ್ತಾರಂತೀರೇನು?" ಎಂದು ಕೇಳಿದರು ಸೇಲ್ಸ್ ಮ್ಯಾನೇಜರ್.

"ಬರ್ತಾರ್ರಿ" ಎಂದೆ.

ಮೊದಲು ಬಂದದ್ದು ಒಂದು ಆಟೋ. ಹಿಂದಿನ ಸೀಟಿನ ತುಂಬ ಗಿರಣಿ, ಅದನ್ನು ತಬ್ಬಿಕೊಂಡು ಕೂತ ಒಬ್ಬಳು. ಅವಳ ಹಿಂದೆ ಇನ್ನೊಂದು ಆಟೋ. ಆಮೇಲೆ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು ತಳ್ಳಿಕೊಂಡು ಬಂದ ಒಬ್ಬ ಗಂಡ, ಹಿಂದಿನಿಂದ ಅದನ್ನು ಹಿಡಿದುಕೊಂಡು ಬಂದ ಹೆಂಡತಿ. ನಂದಗಡದ ಕಡೆಯಿಂದ ಒಂದು ಟೆಂಪೋದಲ್ಲಿ ಒಂದೇ ಓಣಿಯವರು ಎಲ್ಲರೂ ಕೂಡಿ ತಮ್ಮ ಗಿರಣಿಗಳನ್ನು ತಂದರು. ಜಾಂಬೋಟಿ ರಸ್ತೆಯ ಕಡೆಯಿಂದ ಚಕ್ಕಡಿಯೂ ಬಂತು. ಬಹಳ ಹೊತ್ತಾಗುವ ಮೊದಲೇ ಸಾಲು ಅಂಗಳ ದಾಟಿ ರಸ್ತೆಗೆ ಬಿದ್ದಿತ್ತು. ಕೊಡೆ ಹಿಡಿದ ಹೆಣ್ಣುಮಕ್ಕಳು ಕೆಟ್ಟ ಗಿರಣಿಗಳ ಪಕ್ಕದಲ್ಲಿ ನಿಂತು, ತಮ್ಮ ಗಿರಣಿ ಯಾವಾಗ ಕೆಟ್ಟಿತು, ಯಾರು ಏನಂದರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಸುಮಾರು ಜನರ ಕೈಯಲ್ಲಿ ನಮ್ಮ ಪತ್ರಿಕೆಯ ಮೊದಲ ಪುಟವಿತ್ತು.

ಗುಂಯ್ ಎನ್ನುತ್ತಿದ್ದ ಗಿರಣಿಗಳು ಒಂದೊಂದಾಗಿ ತಿರುಗತೊಡಗಿದವು. ಪ್ರತಿ ಗಿರಣಿಗೂ ಒಂದು ಹಿಡಿ ಅಕ್ಕಿ ಹಾಕಿ, ಹಿಟ್ಟು ಬಿದ್ದದ್ದನ್ನು ಒಡತಿಯ ಅಂಗೈಗೆ ಹಾಕಿ ತೋರಿಸಿದ ಮೇಲೆಯೇ ಅಣ್ಣಾರು ಮುಂದಿನದಕ್ಕೆ ಕೈ ಹಾಕುತ್ತಿದ್ದರು. ಅವರ ಬಿಳಿ ಅಂಗಿಗೆ ಗ್ರೀಸು ಮೆತ್ತಿತ್ತು, ಮೀಸೆಯ ತುಂಬ ಹಿಟ್ಟು. ಸಾಲಿನಲ್ಲಿ ಏನೂ ಕೆಡದ ಗಿರಣಿಗಳೂ ಬಂದಿದ್ದವು. "ಕೆಟ್ಟಿಲ್ರಿ, ಆದ್ರ ಒಮ್ಮಿ ನೋಡಿಬಿಡ್ರಿ, ಮನಸಿಗೆ ಸಮಾಧಾನ" ಎಂದಳೊಬ್ಬಳು. ಇನ್ನೊಬ್ಬಳು ತಂದದ್ದು ನಮ್ಮ ಗಿರಣಿಯೇ ಅಲ್ಲ, ಬೇರೆ ಯಾವುದೋ ಕಂಪನಿಯದು.

"ಇದು ನಮ್ಮದಲ್ಲವಾ" ಎಂದರು ಸೇಲ್ಸ್ ಮ್ಯಾನೇಜರ್.

"ಗೊತ್ತೈತ್ರಿ. ಅವರು ಬರೂದಿಲ್ಲಲ್ಲ, ನೀವು ಬಂದೀರಿ. ಅದಕ್ಕ ತಂದ್ನಿ."

ಸೇಲ್ಸ್ ಮ್ಯಾನೇಜರ್ ಅಣ್ಣಾರ ಮುಖ ನೋಡಿದರು. ಅಣ್ಣಾರು ನಕ್ಕು, "ಇಡವಾ ಇಲ್ಲೆ" ಎಂದು ಅದನ್ನೂ ಬಿಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಸ್ಟೇಷನ್ ರಸ್ತೆಯ ಆ ಹೆಣ್ಣುಮಗಳು ತನ್ನ ಅತ್ತೆಯೊಡನೆ ಬಂದಳು. ಅವಳ ಗಿರಣಿಯನ್ನು ನಾವು ಮೊದಲೇ ಸರಿಮಾಡಿ ಮುಟ್ಟಿಸಿದ್ದೆವು. ತಲೆಯ ಮೇಲಿದ್ದ ಬುಟ್ಟಿಯಲ್ಲಿ ನಮಗೆಲ್ಲ ಅಕ್ಕಿ ಭಾಕರಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ತಂದಿದ್ದಳು. ಅತ್ತೆ ನೇರ ಅಣ್ಣಾರ ಮೇಜಿನ ಹತ್ತಿರ ಹೋಗಿ ನಿಂತಳು. ಪತ್ರಿಕೆಯನ್ನು ಚಾಚಿ, 'ತಪ್ಪು ನಿಮ್ಮದಲ್ಲ' ಎಂದು ಮರಾಠಿಯಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಸಾಲು ಎಲ್ಲಿದೆ ಎಂಬುದನ್ನು ಯಾರಿಂದಲೋ ತಿಳಿದುಕೊಂಡಿದ್ದಳು.

"ಹಂಗಂತ ಖರೇನ ಬರದೀರೇನು?" ಎಂದು ತನಗೆ ಬಂದಷ್ಟು ಕನ್ನಡದಲ್ಲಿ ಕೇಳಿದಳು.

"ಖರೇ ಅಜ್ಜಿ" ಎಂದರು ಅಣ್ಣಾರು. "ನಿಮ್ಮ ಸೊಸಿದ ಏನೂ ತಪ್ಪಿಲ್ಲ. ತಪ್ಪು ನಂದು."

ಮುದುಕಿ ಅವರ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸೊಸೆಯ ತಲೆಯ ಮೇಲಿದ್ದ ಬುಟ್ಟಿಯನ್ನು ತಾನೇ ಇಳಿಸಿದಳು. ಅಷ್ಟೇ. ಸೊಸೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಗೆದ್ದವಳ ಕಳೆ. ನನ್ನ ಬರಹಕ್ಕೆ ಆಮೇಲೆ ಎಷ್ಟೋ ಜನ ಒಳ್ಳೆಯ ಮಾತು ಹೇಳಿದ್ದಾರೆ. ಬುಟ್ಟಿ ಇಳಿಸಿಕೊಂಡ ಆ ಎರಡು ಕೈಗಳಷ್ಟು ಸಂತೋಷ ಕೊಟ್ಟದ್ದು ಯಾವುದೂ ಇಲ್ಲ.

ಸಂಜೆ ತಾಡಪಾಲು ಬಿಚ್ಚುವಾಗ ಸೇಲ್ಸ್ ಮ್ಯಾನೇಜರ್ ನನ್ನ ಹತ್ತಿರ ಬಂದರು. ದಿನವಿಡೀ ಗಿರಣಿ ಎತ್ತಿ ಇಳಿಸಿ ಅವರ ಬೆನ್ನು ಹಿಡಿದಿತ್ತು.

"ಮೇಡಂ, ಇವತ್ತ ಎಷ್ಟ ಮಂದಿ ಹೊಸಾ ಗಿರಣಿ ಕೇಳಿದ್ರು ಗೊತ್ತೈತೇನು? ಕೆಟ್ಟ ಗಿರಣಿ ನೋಡಾಕ ಬಂದವರು ಹೊಸಾದು ಕೇಳಿ ಹೋದ್ರು. ಇಷ್ಟ ವರ್ಷ ಮಾರೇನಿ, ಇಂಥಾದ್ದು ನೋಡಿದ್ದಿಲ್ಲ ನಾ."

"ನಾನೂ ನೋಡಿದ್ದಿಲ್ರಿ ಸರ್."

"ಮುಂದಿನ ಪೇಪರಿಗೆ ಫೋಟೋ, ಬೆಲಿ ಏನೂ ಬ್ಯಾಡ" ಎಂದರು. "ನೀವ ಬರೀರಿ."

ಅಲ್ಲಿಂದ ಮುಂದೆ ಎಲ್ಲವೂ ಓಟ. ಬಾಯಲ್ಲಿ ಮಣ್ಣು ಹಾಕಿದಿರಿ ಎಂದಿದ್ದ ಡೀಲರು ದಸರೆಗೆ ಮುಂಚೆ ತಾನೇ ಬಸ್ಸು ಹಿಡಿದು ಆಟೋ ನಗರಕ್ಕೆ ಬಂದು, ಗಿರಣಿಗಿಂತ ಮೊದಲು ಪತ್ರಿಕೆಯ ಎರಡು ಕಟ್ಟು ಕೇಳಿದ. ಗಿರಣಿ ಕೊಳ್ಳಲು ಬಂದವರು ಆ ಪೇಪರಿನವರದೇ ಬೇಕು ಎನ್ನುತ್ತಿದ್ದರಂತೆ. ಜೋಡಣೆ ವಿಭಾಗದವರಿಗೆ ಬಾಗಿಲಲ್ಲಿ ನಿಲ್ಲುವ ಪುರುಸೊತ್ತು ಉಳಿಯಲಿಲ್ಲ. ಪುಣೆಯ ಕಡೆಯ ದೊಡ್ಡ ಕಂಪನಿಯೊಂದರ ಅಧಿಕಾರಿ ನಮ್ಮ ಕಾರ್ಖಾನೆಗೆ ಬಂದು, ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಂಗ್ಲಿಷಿನಲ್ಲಿ ಹೊಗಳಿ, ಇದನ್ನು ಯಾವ ಏಜೆನ್ಸಿ ಮಾಡಿಕೊಡುತ್ತದೆ ಎಂದು ವಿಚಾರಿಸಿದ. ಅಣ್ಣಾರು ಪೇಂಟಿನ ವಾಸನೆಯ ನನ್ನ ಮೇಜಿನತ್ತ ಕೈ ತೋರಿಸಿದರು.

"ಅಕಾ, ಅಲ್ಲೆ ಕುಂತಾಳ. ನಮ್ಮ ಮ್ಯಾನೇಜರು."

ಹಾಗೆ, ಯಾವ ಆದೇಶ ಪತ್ರವೂ ಇಲ್ಲದೆ, ಒಬ್ಬ ಪರ ಊರಿನವನ ಎದುರಿಗೆ ನಾನು ಮ್ಯಾನೇಜರ್ ಆದೆ. ಮಾರನೆಯ ವಾರ ವಿಸಿಟಿಂಗ್ ಕಾರ್ಡು ಬಂತು. ಅಪ್ಪ ಅದರಲ್ಲೊಂದನ್ನು ತೆಗೆದುಕೊಂಡು, ಡ್ಯೂಟಿಯ ಅಂಗಿಯ ಜೇಬಿನಲ್ಲಿಟ್ಟು ಸ್ಟೇಷನ್ನಿನಲ್ಲಿ ಎಲ್ಲರಿಗೂ ತೋರಿಸಿ ಬಂದ. ಸ್ಟೇಷನ್ ರಸ್ತೆಯ ಗೆಳತಿ ಪತ್ರಿಕೆಯ ಮರಾಠಿ ಬದಿಗೆ ತಾನೇ ಬರೆಯತೊಡಗಿದಳು. ಮೊದಲ ಬರಹ ಮೆಟಗೂಟಿನದು. ನಾನು ಅದರಲ್ಲಿ ಎರಡು ಅಕ್ಷರ ಬಿಟ್ಟರೆ ಏನೂ ತಿದ್ದಲಿಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ ನಮ್ಮ ಗೋದಾಮಿನಲ್ಲಿ ಒಂದು ಗಿರಣಿಯೂ ಉಳಿದಿರಲಿಲ್ಲ. ಕಚೇರಿಯ ಮುಂದೆ ಪ್ರದರ್ಶನಕ್ಕಿಟ್ಟದ್ದೂ ಹೋಗಿತ್ತು. ಖಾನಾಪುರದ ಕಡೆಯ ಒಬ್ಬಳು ಹಬ್ಬಕ್ಕೆ ಬೇಕೇ ಬೇಕು ಎಂದು ಬಂದು ಕೂತಾಗ, ಅಣ್ಣಾರು ಯಾರಿಗೂ ಹೇಳದೆ ತಮ್ಮ ಮನೆಯ ಗಿರಣಿಯನ್ನೇ ತರಿಸಿ, ಹೊಸದು ತಯಾರಾಗುವವರೆಗೆ ಇದನ್ನು ಇಟ್ಟುಕೋ ಎಂದು ಅವಳ ಟೆಂಪೋಕ್ಕೆ ಹೇರಿಸಿದರು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಫೋನು ರಿಂಗಾಯಿತು. ಅಣ್ಣಾರ ಹೆಂಡತಿ.

"ಪೇಪರ್ ಬಾಯಾರ, ನಮ್ಮನಿ ಗಿರಣಿನ ಒಯ್ದಾರ ಇವರು. ನಾ ಈಗ ಚಕ್ಕಲಿ ಹಿಟ್ಟ ಎಲ್ಲಿ ಬೀಸಲಿ?"

"ಇಲ್ಲೆ ಬರ್ರಿ ಅಕ್ಕಾರ" ಎಂದೆ. "ಪರೀಕ್ಷಾ ಕೋಣಿ ಐತಲ್ಲ."

ಅವರು ನಿಜಕ್ಕೂ ಬಂದರು. ಹುರಿದ ಅಕ್ಕಿ, ಕಡಲೆಬೇಳೆ, ಉದ್ದು ತುಂಬಿದ ಎರಡು ಸ್ಟೀಲಿನ ಡಬ್ಬಿ ಹಿಡಿದುಕೊಂಡು ಆಟೋದಿಂದ ಇಳಿದು, ಕಾರ್ಖಾನೆಯ ಒಳಗೆ ಮೊದಲ ಸಲ ಕಾಲಿಟ್ಟರು. ಆಗಷ್ಟೇ ಜೋಡಿಸಿದ್ದ ಗಿರಣಿಗೆ ಅವರ ಚಕ್ಕಲಿ ಹಿಟ್ಟೇ ಪರೀಕ್ಷೆಯಾಯಿತು. ಹುರಿದ ಕಾಳಿನ ಘಮ ಪೇಂಟಿನ ವಾಸನೆಯನ್ನು ಮುಚ್ಚಿಹಾಕಿ ಲೇಥುಗಳವರೆಗೆ ಹೋಯಿತು. ಕೆಲಸಗಾರರು ಒಬ್ಬೊಬ್ಬರೇ ಏನೋ ನೆವ ಮಾಡಿಕೊಂಡು ಆ ಕಡೆ ಹಾದುಹೋದರು. ಅಣ್ಣಾರು ತಮ್ಮ ಕೋಣೆಯ ಬಾಗಿಲಿನಿಂದ ಇಣುಕಿ, ಹೆಂಡತಿಯನ್ನು ಕಂಡು ಮೆಲ್ಲಗೆ ಒಳಗೆ ಸರಿದರು.

ನಾನು ಪೆನ್ನು ತೆಗೆದು ಅವರ ಪಕ್ಕದಲ್ಲಿ ಕೂತೆ. "ಅಕ್ಕಾರ, ಅಕ್ಕಿ ಎಷ್ಟ ಹುರಿಬೇಕ್ರಿ?"

"ಬರೀತೀರೇನು?"

"ಬರೀತೀನ್ರಿ. ಮೊದಲನೇ ಪುಟಕ್ಕ."

ಅವರು ಸೆರಗಿನಿಂದ ಕೈಮೇಲಿನ ಹಿಟ್ಟು ಒರೆಸಿಕೊಂಡು, ಸ್ಟೂಲಿನ ಮೇಲೆ ಸರಿಯಾಗಿ ಕೂತರು. "ಹಂಗಾದ್ರ ನೆಟ್ಟಗ ಹೇಳ್ತೀನಿ, ನೆಟ್ಟಗ ಬರ್ಕೋರಿ" ಎಂದು ಶುರುಮಾಡಿದರು.